ಐದು ಗಂಟೆಯ ಮೇಲೆ ಒಡೆದ ಕಾಯಿ

ಹೊಸದಾಗಿ ಕಾರ್ಮಿಕ ನಿರೀಕ್ಷಕರಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾನೂನನ್ನು ನನಗಿಂತ ಚೆನ್ನಾಗಿ ಓದಿಕೊಂಡಿದ್ದಾರೆ. ಕಾಫಿ ಕುಡಿದು, "ಮೇಡಂ, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು?" ಎನ್ನುತ್ತಾರೆ. ಹೇಗಿತ್ತು ಎಂದರೆ, ದಿನಾ ಬಾಯಿ ಬಿಟ್ಟುಕೊಂಡು ನಿಲ್ಲುವ ಹಾಗಿತ್ತು. ಅರಸೀಕೆರೆ, ಬೇಲೂರು, ಹಳೇಬೀಡು ಎಂದು ಸುತ್ತಿ ನಾನು ಸವೆಸಿದ ಚಪ್ಪಲಿಗಳ ಲೆಕ್ಕ ಸಿಕ್ಕೀತು, ಹೀಗೂ ಉಂಟೇ ಎಂದು ದಂಗಾದ ದಿನಗಳ ಲೆಕ್ಕ ಸಿಗದು. ನನ್ನ ಬಡ್ತಿ, ವರ್ಗಾವಣೆಗಳ ಕಥೆ ಬೇಡ. ಹೇಳುವವಳಿಗೂ ನಿದ್ದೆ, ಕೇಳುವವರಿಗೂ ನಿದ್ದೆ. ದಂಗಾದದ್ದನ್ನಷ್ಟೇ ಬರೆಯುತ್ತೇನೆ.

ನಮ್ಮಪ್ಪ ಅರಸೀಕೆರೆ ಜಂಕ್ಷನ್ನಿನಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಮನೆಯಲ್ಲಿ ಬುದ್ಧನ ಪಟದ ಪಕ್ಕದಲ್ಲೇ ಒಂದು ಗಡಿಯಾರ. ಡ್ಯೂಟಿ ಮುಗಿಯಿತೆಂದರೆ ಸುತ್ತಿಗೆ ಕೆಳಗಿಟ್ಟು ಬರುವರು. ಸಾಹೇಬರು ಇನ್ನೂ ಇರು ಅಂದರೆ, ಅದಕ್ಕೆ ಬೇರೆ ಕೂಲಿ ಬರೆಸಿಕೊಂಡೇ ಇರುವರು. ಪ್ರಪಂಚವೆಲ್ಲ ಹಾಗೆಯೇ ನಡೆಯುತ್ತದೆ ಎಂದುಕೊಂಡು ನಾನು ಈ ಇಲಾಖೆಗೆ ಸೇರಿದೆ. ಆ ಭ್ರಮೆ ಹರಿಯುವುದಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ.

ಆಗ ನಮಗೆ ಜೀಪು ಇರಲಿಲ್ಲ, ಬಸ್ಸೇ ಗತಿ. ಹಳೇಬೀಡಿನಲ್ಲಿ ನಾನು ಇಳಿಯುವ ಮೊದಲೇ ಕಂಡಕ್ಟರ್ ತಲೆ ಹೊರಗೆ ಹಾಕಿ, "ದಾರಿ ಬಿಡ್ರಲಾ, ಲೇಬರ್ ಮೇಡಂ ಇಳೀತಾವ್ರೆ!" ಎಂದು ಕೂಗುತ್ತಿದ್ದ. ಮರ್ಯಾದೆ ಕೊಡುವುದಕ್ಕೇ ಕೂಗುತ್ತಿದ್ದ, ಪಾಪ. ನಾನು ಸೆರಗು ಸರಿಮಾಡಿಕೊಂಡು ರಸ್ತೆಗೆ ಕಾಲಿಡುವಷ್ಟರಲ್ಲಿ ಅಂಗಡಿಗಳ ಕೆಲಸಗಾರರೆಲ್ಲ ಗಿರಾಕಿಗಳಾಗಿ ಬೆಂಚಿನ ಮೇಲೆ ಕೂತಿರುತ್ತಿದ್ದರು. ಊರಲ್ಲಿ ಕೊಳ್ಳುವವರೇ ತುಂಬಿದ್ದಾರೆ, ಮಾರುವವರೇ ಇಲ್ಲ!

ಬೇಲೂರಿನ ಒಂದು ಊಟದ ಹೋಟೆಲಿನದು ಇನ್ನೊಂದು ತರಹ. ದೋಸೆ ಹುಯ್ಯುವವರು, ಬಡಿಸುವವರು, ಪಾತ್ರೆ ತೊಳೆಯುವವರು, ಯಾರನ್ನು ಕೇಳಿದರೂ ಮಾಲೀಕರ ನೆಂಟರು. "ಇವ್ನು ನಮ್ಮ ಭಾವಮೈದ, ಅವ್ನು ಸೋದರಳಿಯ, ಆ ಕಡೆ ನಿಂತೋರು ದೊಡ್ಡಪ್ಪನ ಮಗ. ಮನೆಯೋರಿಗೆ ಎಂಥ ಓವರ್‌ಟೈಮ್ ಮೇಡಂ?" ಎಂದು ಮಾಲೀಕರು ನಕ್ಕರು. ನಾನು ಬಡಿಸುತ್ತಿದ್ದ ಭಾವಮೈದನ ಕಡೆ ತಿರುಗಿ, "ನಿಮ್ಮ ಅಕ್ಕನ ಹೆಸರೇನಪ್ಪ?" ಎಂದೆ. ಅವನು ಮಾಲೀಕರ ಮುಖ ನೋಡಿದ. ಮಾಲೀಕರು ಚಟ್ನಿ ಪಾತ್ರೆ ನೋಡಿದರು. ನಗು ಬಂದದ್ದು ನಿಜ. ಆದರೆ ಹೊರಗೆ ಬಂದ ಮೇಲೆ ನನಗೆ ಸಿಟ್ಟೇ ಬಂತು. ಕೋಳಿ ಕೂಗುವ ಹೊತ್ತಿಗೆ ಒಲೆಯ ಮುಂದೆ ನಿಂತವನು, ತನ್ನ ದುಡಿಮೆಯನ್ನು ತನ್ನದೆನ್ನಲು ಹೆದರಿ, ಯಾರದೋ ಭಾವಮೈದನಾಗಿ ನಿಂತಿದ್ದನಲ್ಲ!

ಇವೆಲ್ಲ ಸಣ್ಣವು. ನನ್ನನ್ನು ನಿಜಕ್ಕೂ ಅಲ್ಲಾಡಿಸಿದ್ದು ಹಾರನಹಳ್ಳಿಯ ಆಚೆ ಇದ್ದ ಒಂದು ಕಾಯಿಪುಡಿ ಕಾರ್ಖಾನೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ.

ಜಾವಗಲ್ಲಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಹೆಂಗಸರು, ಜ್ವರ ಬಂದ ಒಂದು ಹೆಣ್ಣು ಕೂಸು. ಕಿಟಕಿ ಕಡೆ ಕೂತವಳ ಬೆರಳುಗಳ ತುಂಬ ಚಾಕುವಿನ ಗೀರುಗಳು. ಅವಳು ಕೂಸನ್ನು ಮಡಿಲಿಗೆ ಎಳೆದುಕೊಂಡರೆ ಅದು ಕಿರುಚಿ, ಇನ್ನೊಬ್ಬಳ ಕಡೆಗೆ ಕೈ ಚಾಚಿ "ಅವ್ವಾ" ಎಂದು ಅಳುವುದು. ನಾನು ಸುಮ್ಮನಿರಲಾರದೆ, "ಅವ್ವನ ಹತ್ರಾನೇ ಕೊಡಮ್ಮ, ಯಾಕೆ ಅಳಿಸ್ತೀಯ?" ಎಂದೆ.

ಗೀರು ಬೆರಳಿನವಳು ನನ್ನನ್ನು ನೋಡಿ, "ಅವ್ವ ನಾನೇ ಕಣ್ರೀ. ಅವ್ಳು ನನ್ ಓರಗಿತ್ತಿ" ಎಂದಳು.

ಅವಳೇ ಕಾಳಮ್ಮ. ಕೂಸು ಏಳುವ ಮೊದಲು ಮನೆ ಬಿಡುತ್ತಾಳೆ, ಅದು ಮಲಗಿದ ಮೇಲೆ ಬರುತ್ತಾಳೆ. ಕಾರ್ಖಾನೆಯ ಗಂಟೆ ಹೊಡೆಯುವುದು ಸಂಜೆ ಐದಕ್ಕೆ. ಆದರೆ ಎಂಟಕ್ಕೆ ಮೊದಲು ಯಾರೂ ಏಳುವುದಿಲ್ಲ. ಐದೂವರೆಗೆ ಕೊನೆಯ ಟೆಂಪೋ ಹೋಗಿಬಿಡುತ್ತದೆ, ಆಮೇಲೆ ನಡೆದೇ ಊರು ಸೇರಬೇಕು. ಐದರ ಮೇಲಿನ ದುಡಿಮೆಗೆ ಬಿಡಿಗಾಸಿಲ್ಲ. "ನೀವು ಲೇಬರ್ ಆಪೀಸ್ನೋರು ಅಂತ ಕಂಡಕ್ಟ್ರು ಅಂದ್ರು. ಒಂದ್ಸಲ ಬಂದು ನೋಡ್ರವ್ವ. ದುಡ್ಡು ಹಾಳಾಗೋಗ್ಲಿ, ನನ್ ಕೂಸು ನನ್ನ ಅವ್ವ ಅಂತ ಕರೀಬೇಕು, ಅಷ್ಟೇಯ" ಎಂದಳು. ದೂರು ಬರೆದುಕೊಳ್ಳಲೇ ಎಂದೆ. ಓರಗಿತ್ತಿ ಬೇಡವೆಂದು ಅವಳ ಸೆರಗು ಎಳೆದಳು. ಕಾಳಮ್ಮ ಸೆರಗು ಬಿಡಿಸಿಕೊಂಡು ಬರಕೊಳ್ಳಿ ಎಂದಳು.

ಮಾರನೆಯ ದಿನವೇ ನಾಲ್ಕೂವರೆಗೆ ಅಲ್ಲಿದ್ದೆ. ಮಾಲೀಕರು ಮಹಾಲಿಂಗಪ್ಪನವರು, ಮಠಕ್ಕೆ ನಡೆದುಕೊಳ್ಳುವವರು, ಹಣೆಯ ತುಂಬ ವಿಭೂತಿ, ಮೃದು ಮಾತು. ದಿನಾ ಬೆಳಿಗ್ಗೆ ಅಂಗಳದ ಕಾಯಿರಾಶಿಗೆ ತಾವೇ ಕರ್ಪೂರ ಹಚ್ಚಿ, ಮೊದಲ ಕಾಯಿ ಒಡೆದ ಮೇಲೇ ಕೆಲಸ ಶುರು. ಆಮೇಲೆ ಗಂಡಾಳುಗಳು ಕಾಯಿ ಒಡೆದು ಕರಟ ಬಿಡಿಸುತ್ತಾರೆ. ಶೆಡ್ಡಿನಲ್ಲಿ ಸಾಲಾಗಿ ಕೂತ ಹೆಂಗಸರು ಅದರ ಮೇಲಿನ ಕಂದು ಸಿಪ್ಪೆಯನ್ನು ಚಾಕುವಿನಿಂದ ಹೆರೆದು ಬೆಳ್ಳಗೆ ಮಾಡುತ್ತಾರೆ. ಬೆಳ್ಳಗಾದದ್ದು ಯಂತ್ರಕ್ಕೆ ಹೋಗುತ್ತದೆ. ಇಷ್ಟೇ ಕೆಲಸ.

ಗಂಟೆ ಐದು ಹೊಡೆಯಿತು. ಹೆಂಗಸರ ಮುಂದೆ ಒಂದು ಚೂರೂ ಕಾಯಿ ಉಳಿದಿರಲಿಲ್ಲ. ಇನ್ನೇನು ಸೆರಗು ಕೊಡವಿ ಏಳಬೇಕು, ಅಷ್ಟರಲ್ಲಿ ಅಂಗಳದಿಂದ ಟಪಟಪ ಸದ್ದು. ಗಂಡಾಳುಗಳು ಇನ್ನೊಂದು ರಾಶಿಗೆ ಕೈ ಹಾಕಿದ್ದರು. ಒಡೆದ ಕಾಯಿಯನ್ನು ಬುಟ್ಟಿ ಬುಟ್ಟಿಯಾಗಿ ತಂದು ಹೆಂಗಸರ ಮುಂದೆ ಸುರಿದು ಹೋದರು. ಯಾರೂ ಯಾರನ್ನೂ ಇರು ಎನ್ನಲಿಲ್ಲ. ಬಾಗಿಲು ಹಾರು ಹೊಡೆದಿತ್ತು, ಯಾರೂ ಅಡ್ಡ ನಿಂತಿರಲಿಲ್ಲ. ಆದರೂ ಎದ್ದವರು ಮತ್ತೆ ಕೂತರು.

"ಯಾಕಮ್ಮ ಕೂತ್ರಿ? ಗಂಟೆ ಆಯ್ತಲ್ಲ?" ಎಂದೆ.

ಸಾಲಿನ ಮೊದಲಲ್ಲಿದ್ದ ಹಿರಿಯಳು ಸಿದ್ದಮ್ಮ. ಅವಳು ಕೆಮ್ಮಿದರೆ ಶೆಡ್ಡೇ ಸುಮ್ಮನಾಗುತ್ತಿತ್ತು. "ಒಡೆದ ಕಾಯಿ ಮುಂದೆ ಬಿಟ್ಟು ಎದ್ದು ಹೋಗಾದಾ? ಬೆಳಗಾಗೋ ಹೊತ್ಗೆ ಹಳಸಿ ನಾರ್ತೈತೆ. ಕಾಯಿ ಕೆಡಿಸಿದ ಕೈಗೆ ಒಳ್ಳೇದಾದೀತಾ?" ಎಂದು ನನ್ನನ್ನೇ ಗದರಿದಳು.

ಬೀಗ ಹಾಕಿ ಕೂಡಿಟ್ಟವರನ್ನು ನೋಡಿದ್ದೆ, ಬೈದು ಕೂರಿಸಿದವರನ್ನು ನೋಡಿದ್ದೆ. ಹೆಂಗಸರ ಭಯಭಕ್ತಿಯನ್ನೇ ಹಗ್ಗ ಮಾಡಿ ಅವರನ್ನು ಕಟ್ಟಿಹಾಕಿದವರನ್ನು ಅದೇ ಮೊದಲು ನೋಡಿದ್ದು. ಮಹಾಲಿಂಗಪ್ಪನವರು ಕೈಮುಗಿದುಕೊಂಡೇ ಬಂದರು. "ನೋಡಿದ್ರಲ್ಲ ಮೇಡಂ, ನಾನು ಇರಿ ಅಂದ್ನಾ? ಐದಾದ ಮೇಲೆ ನಮ್ಮಲ್ಲಿ ಕೆಲಸಾನೇ ಇಲ್ಲ. ಅವರ ಪಾಡಿಗೆ ಅವರು ಕೂತ್ಕೋತಾರೆ, ಬ್ಯಾಡ ಅನ್ನೋಕಾಗುತ್ತಾ?" ಎಂದರು. ಗಂಡಾಳುಗಳನ್ನು ಕೇಳಿದರೆ, "ಮಿಕ್ಕಿದ್ದು ಒಡೆದ್ವಿ" ಎಂದರು. ಯಾರು ಹೇಳಿದರು ಎಂದರೆ ಎಲ್ಲರ ಕಣ್ಣೂ ನೆಲದ ಮೇಲೆ. ಹೆಚ್ಚು ಹೊತ್ತು ದುಡಿಸಿದರೆ ಎರಡರಷ್ಟು ಕೂಲಿ ಕೊಡಬೇಕು ಎಂದು ಕಾನೂನಿದೆ. ಆದರೆ ದುಡಿಸಿದರು ಎಂದು ಯಾರಾದರೂ ಹೇಳಬೇಕಲ್ಲ.

ಮೇಲಿನ ಕಚೇರಿಗೆ ಹೋಗಿ ನಮ್ಮ ಸಾಹೇಬರ ಮುಂದೆ ಎಲ್ಲ ಹೇಳಿದೆ. ಅವರು ಲಂಚ ಮುಟ್ಟದ ಮನುಷ್ಯ, ಯಾರಿಗೂ ಏರುದನಿಯಲ್ಲಿ ಮಾತಾಡಿದವರಲ್ಲ. ದೂರು ಓದಿದರು, ಕನ್ನಡಕ ತೆಗೆದರು, "ಪಾಪ, ಅವರನ್ನೂ ಒಂದು ಮಾತು ಕೇಳಿಬಿಟ್ಟರೆ ಆಯ್ತಲ್ಲಮ್ಮ" ಎಂದರು. ನಾನು "ಸಾರ್" ಎನ್ನುವುದರೊಳಗೆ ಫೋನು ತಿರುಗಿಸಿದ್ದರು. "ನಮಸ್ಕಾರ ಮಹಾಲಿಂಗಪ್ಪನೋರೆ. ನಿಮ್ಮಲ್ಲಿ ಕಾಳಮ್ಮ ಅಂತ ಒಬ್ರು ದೂರು ಕೊಟ್ಟಿದ್ದಾರೆ. ಹೌದೇನು?"

ಸಾಹೇಬರು ಫೋನಿಟ್ಟು, ಸಂತೋಷವಾಗಿ, "ವಿಚಾರಿಸ್ತೀನಿ ಅಂದ್ರು. ಒಳ್ಳೆಯವರು" ಎಂದರು. "ಸಾರ್, ಆ ಹೆಂಗಸಿನ ಹೆಸರು ಹೇಳಿಬಿಟ್ರಲ್ಲ" ಎಂದಾಗ ಮೊದಲು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಬಿಳಿಚಿಕೊಂಡಿತು. ಈಗ ನಿಮಗೆ ತರಬೇತಿಯ ಮೊದಲ ದಿನವೇ ದೂರುದಾರರ ಹೆಸರು ಹೊರಗೆ ಬಿಡಬೇಡಿ ಎಂದು ಹೇಳಿಕೊಡುತ್ತಾರೆ. ನೀವು ಆಕಳಿಸುತ್ತ ಕೇಳುತ್ತೀರಿ. ಇನ್ನು ಮೇಲೆ ಆಕಳಿಸಬೇಡಿ.

ಕಾಳಮ್ಮನನ್ನು ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆದಿದ್ದರೆ ನನಗೆ ದಾರಿ ಗೊತ್ತಿತ್ತು. ತಕರಾರು ಹೂಡಿ ಮತ್ತೆ ಕೆಲಸಕ್ಕೆ ಸೇರಿಸಬಹುದಿತ್ತು. ಎರಡು ದಿನ ಬಿಟ್ಟು ಹೋಗಿ ನೋಡಿದರೆ, ಅವಳು ತನ್ನ ಮಣೆಯ ಮೇಲೆ ತನ್ನ ಜಾಗದಲ್ಲೇ ಕೂತಿದ್ದಾಳೆ. ಮುಂದೆ ಕಾಯಿ ಇಲ್ಲ. ಕೈಯಲ್ಲಿ ಚಾಕು ಇಲ್ಲ. ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಿದ್ದಾಳೆ. ಅವಳ ಪಾಲಿನ ಕಾಯಿಯನ್ನು ಉಳಿದವರ ಮುಂದೆ ಸುರಿದಿದ್ದರು. ಎಂಟಕ್ಕೆ ಮುಗಿಯುತ್ತಿದ್ದ ಕೆಲಸ ಈಗ ಇನ್ನೂ ತಡ. ಮೇಲೆ ಒಂದು ಕಟ್ಟಪ್ಪಣೆ ಬೇರೆ: ಎಲ್ಲರೂ ಎದ್ದ ಮೇಲೇ ಕಾಳಮ್ಮ ಏಳಬೇಕು.

"ತಕರಾರು ನಡೀತಿರುವಾಗ ಅವಳ ಕೆಲಸ ಬದಲಾಯಿಸೋ ಹಾಗಿಲ್ಲ ನೀವು" ಎಂದು ನಾನು ಕೂಗಾಡಿದೆ. ಹೌದು, ಕೂಗಾಡಿದೆ. ನನ್ನ ಬಾಯಿ ಆಗ ಊರಿಗೆಲ್ಲ ಗೊತ್ತಿತ್ತು.

ಮಹಾಲಿಂಗಪ್ಪನವರು ಎಂದಿನ ಮೃದು ದನಿಯಲ್ಲೇ, "ಏನು ಬದಲಾಯಿಸಿದೀನಿ ಮೇಡಂ? ಅದೇ ಜಾಗ, ಅದೇ ಕೂಲಿ. ಕೆಲಸ ಜಾಸ್ತಿ ಆಯ್ತು ಅಂದ್ಳಲ್ಲ, ಆರಾಮಾಗಿ ಕೂತಿರ್ಲಿ ಅಂದೆ. ಅದೂ ತಪ್ಪಾ?" ಎಂದರು.

ಕೂಲಿ ಕೊಟ್ಟು ಶಿಕ್ಷೆ ಕೊಡಬಹುದೆಂದು ನನಗೆ ಆವತ್ತೇ ತಿಳಿದದ್ದು. ಅವರು ಕಾಳಮ್ಮನ ಒಂದು ಕೂದಲನ್ನೂ ಮುಟ್ಟಿರಲಿಲ್ಲ. ಅವಳ ಗೆಳತಿಯರ ಬೆನ್ನು ಮುರಿದು, ಆ ನೋವನ್ನು ಅವಳ ಕಡೆಗೆ ತಿರುಗಿಸಿದ್ದರು. ಸಿದ್ದಮ್ಮ ಕಾಯಿ ಹೆರೆಯುತ್ತಲೇ ನನಗೆ ಕೇಳುವ ಹಾಗೆ ಹೇಳಿದಳು: "ಇವ್ಳ ಕೂಸಿಗೆ ಮಾತ್ರ ಅವ್ವ ಬೇಕಾ? ನಮ್ಮವಕ್ಕೆ ಬ್ಯಾಡ್ವಾ? ಇವ್ಳ ಪಾಲೂ ನಾವೇ ಹೆರೀಬೇಕು, ಇವ್ಳು ರಾಣಿ ಹಂಗೆ ಕೂರ್ಬೇಕು!" ಯಾರೂ ಕಾಳಮ್ಮನ ಜೊತೆ ಮಾತಾಡುತ್ತಿರಲಿಲ್ಲ. ಊಟದ ಹೊತ್ತಿಗೆ ಬುತ್ತಿ ಬಿಚ್ಚಿದರೆ ಪಕ್ಕದವಳು ಎದ್ದು ಹೋಗಿ ಬೇರೆ ಕಡೆ ಕೂರುತ್ತಿದ್ದಳು.

ಊಟದ ಬಿಡುವಿನಲ್ಲಿ ನನ್ನ ಜೊತೆ ಗೇಟಿನವರೆಗೆ ಬಂದ ಕಾಳಮ್ಮ, "ಮೇಡಂನೋರೆ, ದೂರು ವಾಪಸ್ ತಗೊಂಬಿಡಿ. ಕೂಸು ಹೆಂಗೂ ನನ್ನ ಗುರುತು ಹಿಡಿಯಲ್ಲ. ಈಗ ಇವ್ರೂ ಹಿಡಿಯಂಗಿಲ್ಲ" ಎಂದಳು. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಳಲಿಲ್ಲ. ನಾನು ಅವಳಿಗೆ ತಿಳಿಯುವ ಹಾಗೆ ಹೇಳಿದೆ: ದೂರು ಕೊಟ್ಟದ್ದು ನಿನ್ನ ಹಕ್ಕು, ಅದಕ್ಕಾಗಿ ನಿನ್ನನ್ನು ಕಾಡುವುದು ಇನ್ನೊಂದು ತಪ್ಪು, ಆ ತಪ್ಪಿಗೂ ಬೇರೆ ತಕರಾರು ಹೂಡಬಹುದು, ನೀನಾಗಿ ಕೆಲಸ ಬಿಟ್ಟರೆ ಮಾತ್ರ ಅವರು ಗೆದ್ದ ಹಾಗೆ. ಅವಳು ಎಲ್ಲ ಕೇಳಿಸಿಕೊಂಡು, "ಇನ್ನೊಂದ್ ವಾರ ಕೂತ್ಕೋತೀನಿ. ಅದ್ರ ಮೇಲೆ ನನ್ ಕೈಲಾಗಲ್ಲ" ಎಂದು ಒಳಗೆ ಹೋದಳು. ನಾನು ಎರಡನೆಯ ತಕರಾರನ್ನೂ ಬರೆದು ಸಾಹೇಬರ ಮೇಜಿನ ಮೇಲಿಟ್ಟೆ. ಆದರೆ ಸಾಕ್ಷಿ ಹೇಳುವವರು ಯಾರೂ ಸಿಗಲಿಲ್ಲ.

ಆ ವಾರ ಕಳೆಯುವ ಮೊದಲೇ ನಡೆದದ್ದನ್ನು ಕೇಳಿ. ನಮ್ಮ ಕಚೇರಿಗೆ ದೂರು ಹೊತ್ತು ಬಂದವರು ಮಹಾಲಿಂಗಪ್ಪನವರು! ಮುಖದಲ್ಲಿ ಆ ಮೃದುತನವೇ ಇಲ್ಲ. ಜೊತೆಗೆ ಕಾಳಮ್ಮನನ್ನು ಕರೆತಂದಿದ್ದರು, ಸಾಕ್ಷಿಗೆಂದು ಸಿದ್ದಮ್ಮನನ್ನೂ ಟೆಂಪೋ ಹತ್ತಿಸಿಕೊಂಡು ಬಂದಿದ್ದರು. ಸಾಹೇಬರು ನನ್ನನ್ನೂ ಒಳಗೆ ಕರೆದು, ಗುಮಾಸ್ತರಿಗೆ ಹೇಳಿಕೆ ಬರೆದುಕೊಳ್ಳಿ ಎಂದರು.

"ಸಾರ್, ಈ ಹೆಂಗಸು ನನ್ನ ಕಾರ್ಖಾನೆ ಮುಳುಗಿಸ್ತಾ ಇದಾಳೆ" ಎಂದರು ಮಹಾಲಿಂಗಪ್ಪನವರು. "ದಿನಾ ಸಂಜೆ ಐದಕ್ಕೆ ಸರಿಯಾಗಿ ಅಂಗಳದ ರಾಶಿಗೆ ಮೀಸಲು ಕಟ್ತಾಳೆ."

ಹೊರಗಿನವರಿಗೆ ಒಂದು ಮಾತು. ನಮ್ಮ ಕಡೆ ದೇವರಿಗೆಂದು ಏನನ್ನಾದರೂ ಎತ್ತಿಟ್ಟರೆ ಅದಕ್ಕೆ ಅರಿಶಿನದ ಬಟ್ಟೆ ಕಟ್ಟುತ್ತಾರೆ. ಅದು ಮೀಸಲು. ಪೂಜೆಯಾಗುವ ತನಕ ಅದನ್ನು ಮುಟ್ಟುವಂತಿಲ್ಲ. ರಾಶಿಯ ಮೇಲಿನ ಕಾಯಿಗೆ ಅರಿಶಿನದ ಬಟ್ಟೆ ಬಿತ್ತೆಂದರೆ, ಬೆಳಿಗ್ಗೆ ಯಜಮಾನರು ಕರ್ಪೂರ ಹಚ್ಚುವವರೆಗೆ ಅದರ ಮೇಲೆ ಮಚ್ಚು ಬೀಳುವುದಿಲ್ಲ. ಗಂಡಾಳುಗಳು ಕೈಕಟ್ಟಿ ನಿಂತುಬಿಟ್ಟಿದ್ದರು. ಬಟ್ಟೆ ಬಿಚ್ಚಿ ಎಂದರೆ, "ನೀವೇ ಬಿಚ್ಚಿ ಯಜಮಾನ್ರೆ" ಎಂದಿದ್ದರಂತೆ. ಯಜಮಾನರಿಗೂ ಕೈ ಬರಲಿಲ್ಲ. ಹೆಂಗಸರನ್ನು ಕಟ್ಟಿದ ಹಗ್ಗ ಅವರ ಕೈಗೂ ಸುತ್ತಿಕೊಂಡಿತ್ತು.

"ಕಾಯಿ ಒಡೆಯೋ ಹಾಗಿಲ್ಲ, ಹೆಂಗಸರು ಎದ್ದು ಟೆಂಪೋ ಹತ್ತಿ ಹೋಗ್ತಾರೆ. ಐದರಿಂದ ಎಂಟರವರೆಗಿನ ಕೆಲಸ ಪೂರಾ ನಿಂತೋಗಿದೆ ಸಾರ್! ಆ ಹೊತ್ತಿನ ಮಾಲು ನಂಬ್ಕೊಂಡು ನಾನು ಲಾರಿಗೆ ಹೇಳಿರ್ತೀನಿ" ಎಂದು ಅವರು ಮೇಜು ತಟ್ಟಿದರು.

ಸಾಹೇಬರು ನಿಧಾನವಾಗಿ ಕನ್ನಡಕ ಹಾಕಿಕೊಂಡು, "ಐದರ ಮೇಲೆ ನಿಮ್ಮಲ್ಲಿ ಯಾವ ಕೆಲಸ ಇತ್ತು, ಮಹಾಲಿಂಗಪ್ಪನೋರೆ?" ಎಂದು ಕೇಳಿದರು. ದನಿ ಏರಲಿಲ್ಲ. ಫೋನಿನಲ್ಲಿ ಮಾತಾಡಿದ ಅದೇ ದನಿ.

ಗುಮಾಸ್ತರು ಅದನ್ನೂ ಬರೆದುಕೊಂಡರು. ಐದಾದ ಮೇಲೆ ಕೆಲಸವೇ ಇಲ್ಲ ಎಂದು ನನ್ನ ಮುಂದೆ ಕೈಮುಗಿದು ಹೇಳಿದ್ದವರು, ಅದೇ ಕೆಲಸ ನಿಂತಿತೆಂದು ತಾವಾಗಿಯೇ ಬಂದು ದೂರು ಹೇಳಿದ್ದರು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ನನಗೆ ಹೇಳಬೇಕಾದ್ದು ಅದಲ್ಲ. ಐದರ ಮೇಲೆ ಕಾಯಿ ಒಡೆಯಬಾರದು, ಒಡೆಸಿದರೆ ಎರಡರಷ್ಟು ಕೂಲಿ, ಹಿಂದಿನ ಬಾಕಿಯನ್ನೂ ಕೊಡಬೇಕು, ಕಾಳಮ್ಮನಿಗೆ ಚಾಕು ಮತ್ತು ಅವಳ ಪಾಲಿನ ಕಾಯಿ ಮೊದಲಿನಂತೆ ಕೊಡಬೇಕು ಎಂದು ಸಾಹೇಬರು ಒಪ್ಪಂದ ಬರೆಸಿದರು. ಮಹಾಲಿಂಗಪ್ಪನವರು ಸಹಿ ಹಾಕಿದರು. ಸಹಿ ಹಾಕಿದರೆಂದು ನಂಬಿ ಸುಮ್ಮನಿರಬೇಡಿ, ಹೋಗಿ ನೋಡುತ್ತಿರಿ. ನಾನು ಹಲವು ತಿಂಗಳು ಐದು ಗಂಟೆಯ ಹೊತ್ತಿಗೆ ಆ ಗೇಟಿನ ಮುಂದೆ ಬಸ್ಸಿಳಿದಿದ್ದೇನೆ.

ನನಗೆ ಹೇಳಬೇಕಾದ್ದು ಸಹಿಗೆ ಮೊದಲು ನಡೆದದ್ದು. ತಮ್ಮ ಮಾತು ತಮಗೇ ಮುಳುವಾಯಿತೆಂದು ಗೊತ್ತಾದ ಮೇಲೂ ಮಹಾಲಿಂಗಪ್ಪನವರು ಹಟ ಬಿಡಲಿಲ್ಲ. "ಅದೇನೇ ಇರ್ಲಿ ಸಾರ್, ದೇವರ ಹೆಸರಲ್ಲಿ ಕೆಲಸ ನಿಲ್ಲಿಸಿದ್ದು ತಪ್ಪು ತಾನೆ? ಕೂತು ಕೂತು ಈ ಕಾಳಿಗೆ ಈ ಬುದ್ಧಿ ಬಂದಿದೆ. ಕಟ್ಟಿದ್ದು ಇವಳೇ. ಸಿದ್ದಮ್ಮ ಕಣ್ಣಾರೆ ಕಂಡಿದಾಳೆ, ಕೇಳಿ" ಎಂದರು.

ಕಾಳಮ್ಮ ತಲೆಯೆತ್ತಿ, "ನಾನು ಕಟ್ಟಿಲ್ಲ. ಮಣೆ ಬಿಟ್ಟು ಏಳಾಕೆ ನಂಗೆ ಅಪ್ಪಣೆ ಎಲ್ಲೈತೆ?" ಎಂದಳು. ಅದು ನಿಜವಾಗಿತ್ತು. ನಾವೆಲ್ಲ ಸಿದ್ದಮ್ಮನ ಕಡೆ ತಿರುಗಿದೆವು. ಕಾಳಮ್ಮ ಮಾತ್ರ ತಿರುಗಲಿಲ್ಲ. ಬಾಗಿಲ ಬಳಿ ನೆಲದ ಮೇಲೆ ಕೂತಿದ್ದ ಸಿದ್ದಮ್ಮ, ಮಂಡಿಗೆ ಕೈಯೂರಿ ಎದ್ದಳು.

"ಕಾಳಿ ಅಲ್ಲ ಸ್ವಾಮಿ. ಕಟ್ಟಿದ್ದು ನಾನು" ಎಂದಳು.

ಮಹಾಲಿಂಗಪ್ಪನವರು ಎರಡು ಹೆಜ್ಜೆ ಹಿಂದೆ ಸರಿದರು. "ಏನೇ ಹೇಳ್ತಿದೀಯ ನೀನು?"

"ಇದ್ದುದ್ನ ಹೇಳ್ತಿದೀನಿ ಯಜಮಾನ್ರೆ. ಬೈದೆ ನಾನು ಇವ್ಳ್ನ, ಬಾಯಿಗೆ ಬಂದಂಗೆ ಬೈದೆ. ಒಂದಿನ ಸಂಜೆ ಇವ್ಳ ಓರಗಿತ್ತಿ ಕೂಸ್ನ ಎತ್ಕೊಂಡು ಗೇಟ್ ತಾವ ಬಂದಿದ್ಳು. ಇವ್ಳು ಮಣೆ ಬಿಟ್ಟು ಏಳಂಗಿಲ್ಲ, ಅಲ್ಲಿಂದ್ಲೇ ಕೈ ಚಾಚಿ ಕರೆದ್ಳು. ಕೂಸು ಯಾರೋ ಅನ್ನಂಗೆ ನೋಡಿ ಮುಖ ತಿರುಗಿಸ್ತು. ಕೆಲ್ಸ ಕೊಡ್ದೆ ಕೂರ್ಸಿ, ಇವ್ಳ್ನ ಕೂಸಿಂದ್ಲೂ ನಮ್ಮಿಂದ್ಲೂ ಬೇರೆ ಮಾಡಾಕೇ ಹಿಡ್ಕಂಡವ್ರೆ ಅಂತ ನಂಗೆ ಆವಾಗ ಗೊತ್ತಾಯ್ತು."

ಸಾಹೇಬರು, ಹೇಳಿಕೆಯಲ್ಲಿ ಬರೆಸಬೇಕೆಂದೋ ಏನೋ, "ಮೀಸಲು ಯಾವ ದೇವರಿಗೆ ಕಟ್ಟಿದ್ದಮ್ಮ?" ಎಂದು ಕೇಳಿದರು.

"ದೇವ್ರಿಗಲ್ಲ ಸ್ವಾಮಿ" ಎಂದಳು ಸಿದ್ದಮ್ಮ. "ಐದರ ಮೇಲಿನ ಹೊತ್ತು ಆ ಕೂಸಿಗೆ ಮೀಸ್ಲು."